ಫೈರ್ ರಿಸ್ಕ್ ಅಸೆಸ್‌ಮೆಂಟ್ ಸರ್ವೀಸು: ರಿಪೋರ್ಟಿಗಿಂತ ಬಟ್ಟೆ ಬುಟ್ಟಿನೇ ವಾಸಿ

ಇಂಗ್ಲೆಂಡಲ್ಲಿ ಸಣ್ಣ ಹೋಟ್ಲು, ಅಂಗಡಿ ಇಟ್ಕೊಂಡಿರೋ ನಮ್ಮೋರಿಗೆ ಇದು. ರೆಡಿಂಗ್‌ನಲ್ಲಿ ನಮ್ದೊಂದು ದೋಸೆ ಹೋಟ್ಲು, ಬರೀ ಗ್ರೌಂಡ್ ಫ್ಲೋರು. ಮೊದ್ಲೆಲ್ಲ ಐದು ಜನಕ್ಕಿಂತ ಕಮ್ಮಿ ಕೆಲಸದವರಿದ್ರೆ ಫೈರ್ ರಿಸ್ಕ್ ಅಸೆಸ್‌ಮೆಂಟ್ (ಎಲ್ಲಿ ಹೇಗೆ ಬೆಂಕಿ ಬೀಳ್ಬಹುದು ಅಂತ ನೋಡೋ ತಪಾಸಣೆ) ಮಾಡ್ಬೇಕಿತ್ತು, ಆದ್ರೆ ಸಾಮಾನ್ಯವಾಗಿ ಬರೆದಿಡ್ಲೇಬೇಕು ಅಂತ ಇರ್ಲಿಲ್ಲ. 2023ರ ಅಕ್ಟೋಬರ್ 1ರಿಂದ ಎಷ್ಟೇ ಚಿಕ್ಕ ಜಾಗ ಆದ್ರೂ ಪೂರ್ತಿ ಬರೆದೇ ಇಡ್ಬೇಕು, ಯಾರ ಕೈಲಾದ್ರೂ ಮಾಡಿಸಿದ್ರೆ ಅವರ ಹೆಸರೂ ಬರೀಬೇಕು. ಆವಾಗ ಹಿಡಿದಿದ್ದು ಈ ಕಂಪ್ನಿನ, ಹೆಸರು ಬೇಡ ಬಿಡಿ, ಇನ್ನೂ ಅವರ ಹತ್ರನೇ ಇದೀನಿ.

ಮೊದಲ್ನೇ ಸಲ ಬಂದೋನು ಫೋನಲ್ಲಿ ಫೋಟೋ ತಕ್ಕೊಂಡು ಹೋದ, ಆಮೇಲೆ ನಲವತ್ತು ಪುಟದ ಪಿಡಿಎಫ್ ಬಂತು. ಅದ್ರಲ್ಲಿ ಬೆಂಕಿ ಬಿದ್ದಾಗ ಲಿಫ್ಟ್ ಬಳಸಬಾರ್ದು ಅಂತ ಬೋರ್ಡ್ ಹಾಕಿ ಅಂತಿತ್ತು. ಲಿಫ್ಟ್ ಎಲ್ಲಿದೆ ಮಾರಾಯ್ರೆ? ಮೆಟ್ಲೇ ಇಲ್ಲ ನಮ್ಮಲ್ಲಿ. ಜೊತೆಗೆ ಗೋಡೆಗೆ ನೇತಾಕೋಕೆ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟ್ ಬೇರೆ. ಫೈರ್ ಸರ್ಟಿಫಿಕೇಟ್ ಅನ್ನೋದು 1971ರ ಕಾಯ್ದೆ ಕಾಲದ್ದು, 2005ರ ಫೈರ್ ಸೇಫ್ಟಿ ಆರ್ಡರ್ ಅನ್ನೋ ಕಾನೂನು 2006ರಲ್ಲಿ ಜಾರಿಗೆ ಬಂದ್ಮೇಲೆ ಅದು ಹೋಯ್ತು, ಈಗ ಇರೋದು ರೆಸ್ಪಾನ್ಸಿಬಲ್ ಪರ್ಸನ್ ಒಬ್ರೇ, ಅಂದ್ರೆ ನಾನು. ಗೋಡೆ ಮೇಲೆ ಏನು ನೇತಾಡ್ತಿದ್ರೂ ಜವಾಬ್ದಾರಿ ನಂದೇ. ಬಿಟ್ಟಾಕೋಣ ಅನ್ಕೊಂಡಿದ್ದೆ.

ಆದ್ರೆ ಹೋದ ಸಲ ಬೇರೆ ಒಬ್ರು ಬಂದ್ರು, ರಿಟೈರ್ಡ್ ಫೈರ್‌ಮನ್, ವಯಸ್ಸಾದವರು. ಟ್ಯಾಬ್ಲೆಟ್ ಬ್ಯಾಗಲ್ಲೇ ಇಟ್ಟು ಮೊದ್ಲು ಹಿಂದಿನ ಬಾಗ್ಲು ತಳ್ಳಿ ನೋಡಿದ್ರು, ಅಕ್ಕಿ ಮೂಟೆ ಆ ದಾರೀಲಿ ಎಷ್ಟು ಹೊತ್ತು ಇರುತ್ತೆ ಅಂತ ಕೇಳಿದ್ರು. ಕಿಚನ್ನಲ್ಲಿ ಸ್ಮೋಕ್ ಬದ್ಲು ಹೀಟ್ ಡಿಟೆಕ್ಟರ್ ಇರೋದು ನೋಡಿ ತಲೆ ಆಡಿಸಿದ್ರು (ಇಲ್ಲಾಂದ್ರೆ ಒಂದೊಂದು ಒಗ್ಗರಣೆಗೂ ಅಲಾರ್ಮ್ ಹೊಡ್ಕೊಳ್ಳುತ್ತೆ). ಕ್ಯಾಶ್ ಕೌಂಟರ್ ಹತ್ರ ಗಣಪತಿ ಮುಂದೆ ದೀಪ ಇತ್ತು, ತೆಗೀರಿ ಅಂತಾರೆ ಅಂತ ನಾನು ವಾದಕ್ಕೆ ರೆಡಿಯಾಗಿದ್ರೆ ಅವರು ಕೇಳಿದ್ದು ಒಂದೇ, ರಾತ್ರಿ ಇದನ್ನ ಆರಿಸೋರು ಯಾರು? ಸ್ಟೀಲ್ ತಟ್ಟೆಲಿಡಿ, ಪ್ಲಾಸ್ಟಿಕ್ ಹಾರ ಆ ಕಡೆ ಸರಿಸಿ ಅಂದ್ರು, ಅಷ್ಟೇ.

ಆಮೇಲೆ ಕೌಂಟರ್ ಕೆಳಗಿದ್ದ ಬಟ್ಟೆ ಬುಟ್ಟಿ ಎಳೆದ್ರು. ಕಾವಲಿ ಒರೆಸೋದು, ಎಣ್ಣೆ ಒರೆಸೋದು, ಎಲ್ಲಾ ಬಟ್ಟೆ ಒಗ್ದು ಡ್ರೈಯರ್ ಹಾಕಿ ಬಿಸಿಬಿಸಿಯಾಗೇ ಬುಟ್ಟೀಲಿ ಒತ್ತಿಡೋದು ನಮ್ಮ ಭಟ್ರ ಪದ್ಧತಿ. ಅಡುಗೆ ಎಣ್ಣೆ ಒಗೆದ್ರೂ ಪೂರ್ತಿ ಹೋಗಲ್ವಂತೆ, ಉಳಿದಿದ್ದು ಗಾಳಿ ಜೊತೆ ಸೇರಿ ತಾನೇ ಬಿಸಿಯಾಗ್ತಾ ಹೋಗುತ್ತೆ, ಡ್ರೈಯರ್ ಶಾಖ ಅದಕ್ಕೆ ಇನ್ನೂ ಜೋರು ಕೊಡುತ್ತೆ, ಬಟ್ಟೆ ಗುಡ್ಡೆ ಹಾಕಿದ್ರೆ ಆ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ, ಎಷ್ಟೋ ಗಂಟೆ ಆದ್ಮೇಲೆ ಅಂಗಡಿ ಮುಚ್ಚಿ ಎಲ್ರೂ ಮಲಗಿರೋವಾಗ ತಾನಾಗೇ ಹತ್ಕೊಳ್ಳುತ್ತೆ. ಇಲ್ಲಿ ರೆಸ್ಟೋರೆಂಟ್‌ಗಳಲ್ಲಿ ಹೀಗೆ ಬೆಂಕಿ ಬಿದ್ದಿರೋದು ಉಂಟು. ಕಡ್ಡಿ ಬೇಡ, ಕಿಡಿ ಬೇಡ.

ಈಗ ರಾತ್ರಿ ಕೊನೇ ಗಿರಾಕಿ ಹೋದ್ಮೇಲೆ ನಮ್ಮದೊಂದು ಆಚಾರ ಆಗ್ಬಿಟ್ಟಿದೆ. ಬಿಸಿ ನೀರಲ್ಲಿ ಒಗೆಯೋದು, ಡ್ರೈಯರ್‌ನ ಕೂಲ್‌ಡೌನ್ (ಬಟ್ಟೆ ತಣ್ಣಗಾಗೋ ಕೊನೇ ಸುತ್ತು) ಮುಗಿಯೋವರ್ಗೂ ಬಾಗ್ಲು ಮುಟ್ಟೋಹಾಗಿಲ್ಲ, ಆಮೇಲೆ ಸ್ಟೀಲ್ ಟೇಬಲ್ ಮೇಲೆ ಒಂದೊಂದೇ ಬಟ್ಟೆ ಹಪ್ಪಳ ಹರವಿದಂಗೆ ಹರವೋದು, ಭಟ್ರು ಅದರ ಪಕ್ಕದಲ್ಲೇ ಕೂತು ಕಾಫಿ ಕುಡೀತಾ ಮಧ್ಯೆ ಮಧ್ಯೆ ಅಂಗೈ ಇಟ್ಟು ನೋಡ್ತಾರೆ, "ಇನ್ನೂ ಬೆಚ್ಚಗಿದೆ, ತಾಳಿ." ದೀಪ ಆರಿಸೋದೂ ಅವರೇ. ಸೋಮವಾರ ಬೆಳಿಗ್ಗೆ ಅಲಾರ್ಮ್ ಟೆಸ್ಟು ಮಾತ್ರ ನಂದು, ವಾರಕ್ಕೊಂದು ಬೇರೆ ಕಾಲ್ ಪಾಯಿಂಟಿಗೆ (ಗೋಡೆ ಮೇಲಿರೋ ಅಲಾರ್ಮ್ ಒತ್ತೋ ಡಬ್ಬಿ) ಕೀ ಹಾಕಿ ಬಾರ್ಸಿ ಲಾಗ್‌ಬುಕ್ಕಲ್ಲಿ ಬರೆಯೋದು.

ಇಷ್ಟು ಒಳ್ಳೇ ಮನುಷ್ಯ ಬಂದು ಹೋದ್ಮೇಲೆ ರಿಪೋರ್ಟ್ ಹೇಗಿತ್ತು ಅಂದ್ರೆ, ಬಟ್ಟೆ ವಿಷ್ಯ ಎಲ್ಲೋ ಕೊನೇಲಿ ಒಂದು ಸಾಲು, ಮೊದಲ್ನೇ ಪುಟದಲ್ಲಿ ಕೆಂಪಕ್ಷರದಲ್ಲಿ ಬೆಂಕಿ ಆರಿಸೋ ಹೊಸ ಎಕ್ಸ್‌ಟಿಂಗ್ವಿಷರ್ ತಗೊಳ್ಳಿ ಅಂತ, ಕಂಪ್ನಿದೇ ಕೊಟೇಶನ್ ಜೊತೆಗೆ! ಸರ್ವೀಸ್ ಆಗಿರೋ ಹಳದಿ ಲೇಬಲ್ ವೆಟ್ ಕೆಮಿಕಲ್ ಎಕ್ಸ್‌ಟಿಂಗ್ವಿಷರ್ (ಎಣ್ಣೆ ಬೆಂಕಿಗೆ ಬಳಸೋದು) ಫ್ರೈಯರ್ ಪಕ್ಕದಲ್ಲೇ ಇತ್ತು, ಆ ಫೈರ್‌ಮನ್ ಕೈಯಲ್ಲಿ ಹಿಡಿದೇ ನೋಡಿದ್ರು. ಲಿಫ್ಟ್ ಬೋರ್ಡೂ ಹಾಗೇ ಇದೆ. ಅಂದ್ರೆ ಇದನ್ನ ಬರೆದಿದ್ದು ಅವರಲ್ಲ, ಆಫೀಸಲ್ಲಿರೋ ಟೆಂಪ್ಲೇಟು. ಈಗ "ನಿಮ್ಮ ಅಸೆಸ್‌ಮೆಂಟ್ ಎಕ್ಸ್‌ಪೈರ್ ಆಗ್ತಿದೆ" ಅಂತ ಮೇಲ್ ಮೇಲೆ ಮೇಲು. ಕಾನೂನಲ್ಲಿ ವರ್ಷಕ್ಕೊಂದು ಅಂತ ಎಲ್ಲೂ ಇಲ್ಲ ಸ್ವಾಮಿ, ಆಗಾಗ ಪರಿಶೀಲಿಸ್ಬೇಕು, ಏನಾದ್ರೂ ದೊಡ್ಡದಾಗಿ ಬದಲಾದ್ರೆ ಮತ್ತೆ ನೋಡ್ಬೇಕು, ಅಷ್ಟೇ.

5ಕ್ಕೆ 3 ಕೊಡ್ತೀನಿ, ಮೂರೂ ಆ ಫೈರ್‌ಮನ್ ಯಜಮಾನ್ರಿಗೆ. ಒಂದೇ ರೂಮಿನ ಬಟ್ಟೆ ಅಂಗಡಿ, ಸಣ್ಣ ಆಫೀಸು ಆದ್ರೆ ಈ ಕಂಪ್ನಿಗೆ 320 ಪೌಂಡ್ ಫೀಸ್ ಕೊಡೋದು ವೇಸ್ಟು, ಸಣ್ಣ ಜಾಗಗಳಿಗೆ ಸರ್ಕಾರದ್ದೇ ಗೈಡ್ ಪುಕ್ಕಟೆ ಸಿಗುತ್ತೆ, ಕೂತು ನೀವೇ ಬರೀಬಹುದು. ಕರಿಯೋ ಕಿಚನ್ ಇದ್ರೆ, ಮೇಲೆ ಜನ ಮಲಗೋ ಮನೆ ಇದ್ರೆ ಮಾತ್ರ ಮಾಡಿಸಿ, ಯಾರು ಬರ್ತಾರೆ ಅಂತ ಮೊದ್ಲೇ ಕೇಳಿ, ಅವರು ಇರೋವರ್ಗೂ ಹಿಂದೆ ಹಿಂದೆ ಓಡಾಡಿ, ಹೇಳಿದ್ದನ್ನ ನೀವೇ ಬರ್ಕೊಳ್ಳಿ.

ವಡೆಗೆ ಇನ್ನೊಂದು ಫ್ರೈಯರ್ ತರಿಸ್ತಿದೀವಿ, ಆವಾಗ ಹೇಗೂ ಮತ್ತೆ ನೋಡಿಸ್ಬೇಕು. ಅದೇ ಯಜಮಾನ್ರನ್ನ ಕಳಿಸೋದಾದ್ರೆ ಮಾಡಿಸ್ತೀನಿ ಅಂತ ಬರೆದಿದೀನಿ, ಅದಕ್ಕೆ ಉತ್ತರ ಬಂದಿಲ್ಲ, ಎಕ್ಸ್‌ಪೈರಿ ಮೇಲ್ ಇನ್ನೊಂದು ಬಂತು.