ಮೂರು ಸಲ ಆಡಿದ ಮಿಸ್ಟ್: ದಾಟಿದ ಒಗಟು, ತಿಳಿದ ಒಗಟು

ಮಿಸ್ಟ್ ಗೇಮನ್ನು ಮೊದಲ ಸಲ ಆಡಿದ್ದು ಸಿ.ಡಿ. ಹಾಕಿ ಆಡುವ ಕಾಲದಲ್ಲಿ, ತಂಗಿಯ ಜೊತೆ, ಒಂದೇ ಕುರ್ಚಿಯಲ್ಲಿ ಇಬ್ಬರೂ ಒತ್ತಿಕೊಂಡು ಕೂತು. ಮೌಸ್ ನನ್ನ ಕೈಯಲ್ಲಿ, ನೋಟ್‌ಬುಕ್ ಅವಳ ಕೈಯಲ್ಲಿ. ಎರಡನೆಯ ಸಲ ಆಡಿದ್ದು ರಿಯಲ್‌ಮಿಸ್ಟ್, ಅಂದರೆ ಅದೇ ದ್ವೀಪದಲ್ಲಿ ನಮ್ಮಿಷ್ಟದಂತೆ ತಿರುಗಾಡಲು ಬಿಡುವ 2000ನೇ ಇಸವಿಯ ಆವೃತ್ತಿ. ಮೂರನೆಯದು 2021ರಲ್ಲಿ ಕಂಪ್ಯೂಟರಿಗೆ ಬಂದ ಹೊಸ ಮಿಸ್ಟ್. ಉತ್ತರ ಗೊತ್ತಿರುವ ಒಗಟನ್ನು ಮತ್ತೆ ಮತ್ತೆ ಬಿಡಿಸುವವನನ್ನು ನೋಡಿ ಮನೆಯವರು ನಗುತ್ತಾರೆ. ನಗಲಿ. ಮೊದಲ ಸಲ ಬಿಡಿಸಿದ್ದೇವೆ ಅಂದುಕೊಂಡಿದ್ದ ಒಗಟುಗಳಲ್ಲಿ ಒಂದನ್ನು ನಾವು ಬಿಡಿಸಿಯೇ ಇರಲಿಲ್ಲ. ಅದು ಗೊತ್ತಾಗಲು ನನಗೆ ಎರಡನೆಯ ಸಲ ಬೇಕಾಯಿತು. ಮುಂದೆ ಗುಟ್ಟು ಸ್ವಲ್ಪ ಹೊರಬೀಳುತ್ತದೆ. ಆಡದವರು ಬೇಕಿದ್ದರೆ ಇಲ್ಲಿಗೇ ನಿಲ್ಲಿಸಿ, ಆಡಿ ಬನ್ನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಮಿಸ್ಟ್ ಮೊದಲು ಬಂದದ್ದು 1993ರಲ್ಲಿ, ಮ್ಯಾಕಿಂಟಾಷ್‌ಗೆ. ಮಾಡಿದ್ದು ಸಯಾನ್ ಎಂಬ ಸಣ್ಣ ತಂಡದ ಅಣ್ಣತಮ್ಮಂದಿರು, ರ‍್ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್. ಹೈಪರ್‌ಕಾರ್ಡ್ ಎಂಬ ತಂತ್ರಾಂಶದಲ್ಲಿ ಸುಮಾರು 2,500 ಸ್ಥಿರಚಿತ್ರಗಳನ್ನು ಪೋಣಿಸಿ ಕಟ್ಟಿದ ಆಟ. 2002ರಲ್ಲಿ ದಿ ಸಿಮ್ಸ್ ಹಿಂದಿಕ್ಕುವವರೆಗೆ ಅತಿ ಹೆಚ್ಚು ಮಾರಾಟವಾದ ಕಂಪ್ಯೂಟರ್ ಗೇಮ್ ಇದೇ ಆಗಿತ್ತು. ಒಂದು ಪುಸ್ತಕದ ಮೂಲಕ ನೀವು ನಿರ್ಜನ ದ್ವೀಪಕ್ಕೆ ಬಂದು ಬೀಳುತ್ತೀರಿ. ಅಲ್ಲಿನ ಗ್ರಂಥಾಲಯದಲ್ಲಿ ಒಂದು ಕೆಂಪು ಪುಸ್ತಕ, ಒಂದು ನೀಲಿ ಪುಸ್ತಕ. ಅವುಗಳೊಳಗೆ ಸಿಕ್ಕಿಬಿದ್ದ ಅಣ್ಣ ತಮ್ಮ, ಹಾಳೆ ತಂದುಕೊಡು ಎಂದು ಬೇಡುತ್ತಾ ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಾರೆ. ಹಾಳೆಗಳು ಏಜ್ ಎಂದು ಕರೆಯುವ ನಾಲ್ಕು ಬೇರೆ ಲೋಕಗಳಲ್ಲಿವೆ.

ಇಲ್ಲಿ ಸಾವಿಲ್ಲ, ಗಡಿಯಾರದ ಒತ್ತಡವಿಲ್ಲ. ಕಂಡಕಂಡದ್ದನ್ನೆಲ್ಲ ತುಂಬಿಕೊಳ್ಳುವ ಚೀಲವೂ ಇಲ್ಲ. ಒಂದು ಸಲಕ್ಕೆ ಒಂದೇ ಹಾಳೆ ಹೊರಬಹುದು, ಅಷ್ಟೆ. ಇದು ಎಷ್ಟು ದೊಡ್ಡ ಉಪಕಾರ ಎಂದು ಆಗ ಗೊತ್ತಿರಲಿಲ್ಲ. ಚೀಲ ಇರುವ ಗೇಮ್‌ಗಳಲ್ಲಿ ಸಿಕ್ಕಿಕೊಂಡಾಗ ನಾನು ಯೋಚಿಸುವುದನ್ನೇ ಬಿಟ್ಟುಬಿಡುತ್ತೇನೆ. ಹಗ್ಗವನ್ನು ಬಾಗಿಲಿಗೆ, ಬಾಚಣಿಗೆಯನ್ನು ಬಾಗಿಲಿಗೆ, ಕೊನೆಗೆ ಕೊಡೆಯನ್ನೂ ಬಾಗಿಲಿಗೆ ಉಜ್ಜಿ ನೋಡುತ್ತಾ ಹೋಗುವುದು. 1999ರ ಒಂದು ಹೆಸರಾಂತ ಗೇಮ್‌ನಲ್ಲಿ ಬೆಕ್ಕಿನ ಕೂದಲಿನಿಂದ ಸುಳ್ಳು ಮೀಸೆ ಮಾಡಿಕೊಂಡು, ಮೀಸೆಯೇ ಇಲ್ಲದ ಗೆಳೆಯನ ವೇಷ ಹಾಕಬೇಕು. ಅದಕ್ಕಾಗಿ ಆ ಗೆಳೆಯನ ಪಾಸ್‌ಪೋರ್ಟ್ ಫೋಟೊಗೆ ಮೀಸೆ ಬೇರೆ ಬರೆಯಬೇಕು! ಉತ್ತರ ತಿಳಿದ ಮೇಲೂ "ಓಹೋ" ಅನ್ನಿಸುವುದಿಲ್ಲ, "ಇದನ್ನು ಯಾರಪ್ಪ ಊಹಿಸಬೇಕಿತ್ತು" ಅನ್ನಿಸುತ್ತದೆ. ಮಿಸ್ಟ್‌ನಲ್ಲಿ ಉಜ್ಜಿ ನೋಡಲು ಕೈಯಲ್ಲಿ ಏನೂ ಇರುವುದಿಲ್ಲ. ಕಣ್ಣು, ಕಿವಿ, ನೋಟ್‌ಬುಕ್. ಹಳೆಯ ಪೆಟ್ಟಿಗೆಯೊಳಗೆ ಸಿ.ಡಿ. ಜೊತೆ ಒಂದು ಖಾಲಿ ನೋಟ್‌ಬುಕ್ ಇಟ್ಟೇ ಕೊಡುತ್ತಿದ್ದರು.

ಕಿವಿ ಎಂದೆನಲ್ಲ, ನಮ್ಮ ಮೊದಲ ಎಡವಟ್ಟು ಅಲ್ಲೇ ಆದದ್ದು. ಚಾನೆಲ್‌ವುಡ್ ಎಂಬ ಏಜ್‌ನಲ್ಲಿ ಎಲ್ಲವೂ ನೀರಿನ ಮೇಲೆ ನಿಂತಿದೆ. ಗಾಳಿಯಂತ್ರ ನೀರೆತ್ತುತ್ತದೆ, ಮರದ ಕಾಲುಹಾದಿಗಳ ಉದ್ದಕ್ಕೂ ಪೈಪ್‌ಗಳು ಕವಲೊಡೆಯುತ್ತವೆ, ಕವಲಿಗೊಂದು ವಾಲ್ವ್. ನೀರು ಯಾವ ಕಡೆ ಹೋಗುತ್ತದೋ ಆ ಕಡೆಯ ಯಂತ್ರ ಓಡುತ್ತದೆ. ವಾಲ್ವ್ ತಿರುಗಿಸುವುದು, ಲಿಫ್ಟ್‌ವರೆಗೆ ಹೋಗಿ ನೋಡುವುದು, ಓಡದಿದ್ದರೆ ವಾಪಸ್ ಬರುವುದು, ಇನ್ನೊಂದು ತಿರುಗಿಸುವುದು. ಮೂರು ರಾತ್ರಿ ಹೀಗೇ ಕಳೆಯಿತು. ನಾಲ್ಕನೆಯ ದಿನ ಹಗಲು ಹೊತ್ತು ಆಡಲು ಕೂತಾಗ ತಂಗಿ, "ಅಣ್ಣಾ, ಸುಮ್ನಿರು, ಕೇಳಿಸ್ಕೋ. ಈ ಪೈಪಲ್ಲಿ ನೀರು ಹೋಗ್ತಿದೆ, ಆ ಪೈಪಲ್ಲಿ ಇಲ್ಲ" ಅಂದಳು. ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆಂದು ರಾತ್ರಿ ನಾನು ಸ್ಪೀಕರನ್ನು ಪೂರ್ತಿ ಇಳಿಸಿಬಿಡುತ್ತಿದ್ದೆ! ಆಟ ಮೂರು ರಾತ್ರಿಯೂ ಉತ್ತರ ಹೇಳುತ್ತಲೇ ಇತ್ತು, ಬಾಯಿ ಮುಚ್ಚಿಸಿದ್ದು ನಾನು. ಆಮೇಲೆ ಹತ್ತೇ ನಿಮಿಷ. ಸದ್ದನ್ನು ಹಿಂಬಾಲಿಸಿ ಹೋದೆವು, ಲಿಫ್ಟ್ ಎದ್ದಿತು.

ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲ ಅನ್ನಿ. ಸೆಲೆನಿಟಿಕ್ ಏಜ್‌ನ ನೆಲದಡಿಯಲ್ಲಿ ಹಳಿಯ ಮೇಲೆ ಓಡುವ ಒಂದು ಬಂಡಿ, ಸುತ್ತ ಸುರಂಗಗಳ ಚಕ್ರವ್ಯೂಹ. ಪ್ರತಿ ತಿರುವಿನಲ್ಲೂ ಒಂದು ಸದ್ದು ಬರುತ್ತದೆ. ಅದು ಯಂತ್ರ ನಿಂತ ಸದ್ದು ಅಂದುಕೊಂಡೆವು. ಹಾಳೆಗಳನ್ನು ಅಂಟಿಸಿಕೊಂಡು ನಕ್ಷೆ ಬರೆದೆವು. ದಾರಿ ಮುಗಿದಲ್ಲಿ ಅಡ್ಡಗೆರೆ, ಹಿಂದೆ ಬಂದು ಮತ್ತೊಂದು ಕವಲು. ಒಂದು ಇಡೀ ಭಾನುವಾರ ಅದಕ್ಕೇ ಹೋಯಿತು. ಹೊರಗೆ ಬಂದಾಗ ಖುಷಿಯಾಗಲಿಲ್ಲ, ಸುಸ್ತಾಗಿತ್ತು. ಕೆಟ್ಟ ಒಗಟು ಎಂದು ಇಬ್ಬರೂ ತೀರ್ಪು ಕೊಟ್ಟು ಮುಂದೆ ಹೋದೆವು.

ವರ್ಷಗಳ ನಂತರ ರಿಯಲ್‌ಮಿಸ್ಟ್ ಆಡುವಾಗ, ಒಬ್ಬನೇ ಇದ್ದೆ, ಈ ಸಲ ಮೆಕ್ಯಾನಿಕಲ್ ಏಜ್‌ಗೆ ಮೊದಲು ಹೋದೆ. ಅಲ್ಲೊಂದು ತಿರುಗುವ ಕೋಟೆ ಇದೆ. ಅದು ಉತ್ತರಕ್ಕೆ ಮುಖ ಮಾಡಿ ನಿಂತರೆ ಒಂದು ಸದ್ದು, ಪೂರ್ವಕ್ಕೆ ನಿಂತರೆ ಇನ್ನೊಂದು. ಏನೋ ಅಲಂಕಾರ ಎಂದು ಕೇಳಿಸಿಕೊಂಡು ಸುಮ್ಮನಾದೆ. ಆಮೇಲೆ ಸೆಲೆನಿಟಿಕ್‌ನ ಬಂಡಿ ಹತ್ತಿದೆ. ಮೊದಲ ತಿರುವಿನಲ್ಲಿ ಸದ್ದು ಬಂತು. ಕೈ ಮೌಸ್ ಮೇಲೆ ಹಾಗೇ ನಿಂತುಬಿಟ್ಟಿತು. ಅದು ಕೋಟೆಯ ಸದ್ದು. ಬಂಡಿ ನನಗೆ ಪ್ರತಿ ತಿರುವಿನಲ್ಲೂ ದಿಕ್ಕು ಹೇಳುತ್ತಿತ್ತು. ಎರಡು ಸದ್ದು ಕೂಡಿ ಬಂದರೆ ಎರಡು ದಿಕ್ಕಿನ ನಡುವಿನ ಮೂಲೆ. ಭಾನುವಾರ ಪೂರ್ತಿ ಒದ್ದಾಡಿದ ಚಕ್ರವ್ಯೂಹ ಐದಾರು ನಿಮಿಷಕ್ಕೆ ಮುಗಿಯಿತು. ತಂಗಿಗೆ ಫೋನ್ ಮಾಡಿ ಹೇಳಿದರೆ ಮೊದಲು ನಂಬಲಿಲ್ಲ, ಆಮೇಲೆ "ಅಯ್ಯೋ, ಆ ನಕ್ಷೆ!" ಎಂದು ನಕ್ಕಳು.

ಅಂದಿನಿಂದ ಇಂಥ ಗೇಮ್‌ಗಳನ್ನು ನಾನು ಅಳೆಯುವುದು ಒಂದೇ ಅಳತೆಗೋಲಿನಲ್ಲಿ: ಒಗಟನ್ನು ತಿಳಿಯದೆಯೇ ದಾಟಲು ಎಷ್ಟು ಬಿಡುತ್ತದೆ? ಮಿಸ್ಟ್ ಇಲ್ಲಿ ಸ್ವಲ್ಪ ಜಾರುತ್ತದೆ. ಏಜ್‌ಗಳಿಗೆ ಯಾವ ಕ್ರಮದಲ್ಲಾದರೂ ಹೋಗಬಹುದು. ಆದರೆ ಒಂದರ ಕೀಲಿ ಇನ್ನೊಂದರಲ್ಲಿದೆ ಎಂಬ ಸೂಚನೆ ನಮಗೆ ಎಲ್ಲೂ ಕಾಣಲಿಲ್ಲ. ಸ್ವಾತಂತ್ರ್ಯ ಕೊಟ್ಟು ಶಿಕ್ಷೆಯನ್ನೂ ಕೊಟ್ಟ ಹಾಗಾಯಿತು. 2018ರಲ್ಲಿ ಬಂದ ಲ್ಯೂಕಸ್ ಪೋಪ್ ಅವರ ರಿಟರ್ನ್ ಆಫ್ ದಿ ಓಬ್ರಾ ಡಿನ್ ಈ ವಿಷಯದಲ್ಲಿ ತುಂಬ ಜಾಣ. ಒಂದು ಹಡಗಿನ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಎಂದು ಪತ್ತೆ ಮಾಡಬೇಕು. ಮೂವರ ವಿವರ ಸರಿಯಾಗಿದ್ದರೆ ಮಾತ್ರ ಆಟ ಹೌದು ಅನ್ನುತ್ತದೆ, ಒಬ್ಬೊಬ್ಬರದಾಗಿ ಹೇಳುವುದಿಲ್ಲ. ಹಾಗಾಗಿ ಬಿದ್ದರೆ ಹಣ್ಣು, ಹೋದರೆ ಕಲ್ಲು ಅನ್ನುವ ಆಟ ಅಲ್ಲಿ ಹೆಚ್ಚು ನಡೆಯುವುದಿಲ್ಲ.

ಇನ್ನು ಬೇಸರಗಳು. ಗ್ರಂಥಾಲಯದಲ್ಲಿ ಓದಲೇಬೇಕಾದ ದಿನಚರಿಗಳು ಓರೆ ಕೈಬರಹದ ಇಂಗ್ಲಿಷ್‌ನಲ್ಲಿವೆ, ಹಳೆಯ ಪರದೆಯಲ್ಲಿ ಕಣ್ಣು ಕಿತ್ತುಬರುತ್ತಿತ್ತು. ಸ್ಟೋನ್‌ಶಿಪ್ ಏಜ್‌ನಲ್ಲಿ ದಿಕ್ಸೂಚಿಯ ಗುಂಡಿ ತಪ್ಪಾಗಿ ಒತ್ತಿದರೆ ದೀಪ ಆರಿ, ಮತ್ತೆ ದೀಪಸ್ತಂಭದವರೆಗೆ ನಡೆದು ಹಿಡಿಕೆ ತಿರುಗಿಸಬೇಕು. ಒಂದು ಸಲ ಸರಿ, ನಾಲ್ಕನೆಯ ಸಲಕ್ಕೆ ಸಾಕುಬೇಕಾಗುತ್ತದೆ. ಸ್ವರ ಕೇಳಿ ಹೊಂದಿಸುವ ಒಗಟೊಂದಿದೆ. ನನಗೆ ಸ್ವರಜ್ಞಾನ ಸೊನ್ನೆ, ಅದನ್ನು ಮೂರು ಸಲವೂ ಬೇರೆಯವರ ಕಿವಿ ಸಾಲ ತಂದೇ ಮುಗಿಸಿದ್ದೇನೆ. ಕಿವಿ ಕೇಳದವರಿಗೆ ಮೂಲ ಆಟದ ಅರ್ಧ ಬಾಗಿಲು ಮುಚ್ಚಿದಂತೆಯೇ.

2021ರ ಆವೃತ್ತಿಯಲ್ಲಿ ನನಗೆ ಬಹಳ ಹಿಡಿಸಿದ್ದು ಚಿತ್ರಗಳ ಹೊಳಪಲ್ಲ, ಒಗಟಿನ ಉತ್ತರಗಳನ್ನು ಕಲಸಿಬಿಡುವ ಆಯ್ಕೆ. ಅದನ್ನು ಆನ್ ಮಾಡಿದರೆ ಹಳೆಯ ಸಂಕೇತಗಳು ಕೆಲಸಕ್ಕೆ ಬರುವುದಿಲ್ಲ. ತಂಗಿಯ ಕೈಬರಹದ ಆ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ, ಪಕ್ಕದಲ್ಲಿಟ್ಟುಕೊಂಡೇ ಆಡಿದೆ. ಅದರಲ್ಲಿ ಬರೀ ಸಂಖ್ಯೆ ಬರೆದಿಟ್ಟ ಪುಟಗಳು ವ್ಯರ್ಥವಾದವು. ಯಾವುದರಿಂದ ಯಾವುದು ಎಂದು ಅವಳು ಬಾಣ ಹಾಕಿ ಬರೆದಿದ್ದ ಪುಟಗಳು ಇವತ್ತಿಗೂ ನಡೆದವು. ನನ್ನ ಸಲಹೆ: ಮೊದಲ ಸಲ ಆಡುವವರು ಈ ಆಯ್ಕೆಯ ಗೊಡವೆಗೆ ಹೋಗಬೇಡಿ. ಮರು ಆಡುವವರು ಬಿಡಲೇಬೇಡಿ. ಉತ್ತರ ಬರೆದಿಟ್ಟ ಪುಟಗಳನ್ನು ಇಂಟರ್ನೆಟ್‌ನಲ್ಲಿ ಹುಡುಕುವ ಕೈಯನ್ನು ಕನಿಷ್ಠ ಎರಡು ರಾತ್ರಿ ಕಟ್ಟಿಹಾಕಿ. ಹೆಡ್‌ಫೋನ್ ಹಾಕಿಕೊಳ್ಳಿ.

ಗುಂಡು ಹಾರಬೇಕು, ಅಂಕ ಏರಬೇಕು ಅನ್ನುವವರಿಗೆ ಇದು ಖಂಡಿತ ಅಲ್ಲ. ಅರ್ಧ ಗಂಟೆ ಏನೂ ಆಗದೆ ಬರೀ ಅಲೆದಾಡುವುದೂ ಉಂಟು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಹೋದದ್ದು ಆ ಭಾನುವಾರಕ್ಕೆ. ಈಗ ಇದರ ಮುಂದಿನ ಭಾಗ ರಿವೆನ್, 2024ರ ಹೊಸ ಆವೃತ್ತಿ, ಶುರು ಮಾಡಿದ್ದೇನೆ. ಒಂದು ವಿಚಿತ್ರ ಅಂಕಿಗಳ ಲಿಪಿಯ ಮುಂದೆ ವಾರದಿಂದ ಕೂತಿದ್ದೇನೆ. ತಂಗಿ ನನಗಿಂತ ಮೊದಲೇ ಮುಗಿಸಿದ್ದಾಳೆ. ಎಷ್ಟು ಗೋಗರೆದರೂ ಒಂದಕ್ಷರ ಬಿಡುತ್ತಿಲ್ಲ, ನಿನ್ನೆ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಸೌಂಡ್ ಇಟ್ಕೊಂಡಿದೀಯಾ, ಇಲ್ವಾ?"