ಮೇಲ್ದವಡೆಯ ಹಿಂದಿನ ಹಲ್ಲು: ಇಂಪ್ಲಾಂಟೋ, ಬ್ರಿಡ್ಜೋ?

ಮೇಲಿನ ದವಡೆಹಲ್ಲು ಕೀಳಿಸಿ ವರ್ಷಗಳಾದ ಮೇಲೆ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಇಂಪ್ಲಾಂಟ್ (ಮೂಳೆಯೊಳಗೆ ತಿರುಪು ಕೂರಿಸಿ ಅದರ ಮೇಲೆ ಕಟ್ಟುವ ಹಲ್ಲು) ವಿಚಾರಿಸುವವರಿಗೆ ಮೊದಲ ತೊಡಕು ಮೂಳೆಯದು. ಅಲ್ಲಿನ ಮೂಳೆ ಮೊದಲೇ ಮೆತ್ತಗೆ. ಹಲ್ಲು ಹೋದ ಮೇಲೆ ಅದು ಸವೆಯುತ್ತದೆ, ಅದರ ಮೇಲಿರುವ ಸೈನಸ್ ಕುಳಿಯೂ (ಕೆನ್ನೆಮೂಳೆಯೊಳಗಿನ, ಮೂಗಿಗೆ ಸೇರುವ ಗಾಳಿಗೂಡು) ಕೆಳಗೆ ಚಾಚುತ್ತದೆ.

ಉಳಿದ ಮೂಳೆಯ ಎತ್ತರ ನಾಲ್ಕೈದು ಮಿ.ಮೀ.ಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಸೈನಸ್ ಲಿಫ್ಟ್ ಹೇಳುತ್ತಾರೆ: ಕುಳಿಯ ತೆಳುಪೊರೆಯನ್ನು ಮೇಲೆತ್ತಿ ಅಡಿಯಲ್ಲಿ ಮೂಳೆಪುಡಿ ತುಂಬುವುದು. ಇಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಆ ಪೊರೆ ಹರಿಯುವುದು. ಸಣ್ಣ ಹರಕನ್ನು ಅಲ್ಲೇ ಮುಚ್ಚುತ್ತಾರೆ. ದೊಡ್ಡದಾದರೆ ಕೆಲಸ ಮುಂದಕ್ಕೆ ಹೋಗಬಹುದು. ಸೋಂಕಾದರೆ ಮೂಗು ಕಟ್ಟಿ ಕೆನ್ನೆ ಭಾರವಾಗುತ್ತದೆ. ಕೆಲವು ದಿನ ಸೀನು ಬಂದರೆ ಬಾಯಿ ತೆರೆದೇ ಸೀನಬೇಕು! ಮೂಳೆ ಕೂಡಿಕೊಳ್ಳಲು ತಿಂಗಳುಗಳೇ ಬೇಕು.

ಏಳೆಂಟು ಮಿ.ಮೀ. ಮೂಳೆ ಉಳಿದಿದ್ದರೆ ಗಿಡ್ಡ ಇಂಪ್ಲಾಂಟ್ ಸಾಧ್ಯವೇ ಎಂದು ಕೇಳಿ, ಕೊಯ್ತ ಕಡಿಮೆ.

ಬ್ರಿಡ್ಜ್ ಎಂದರೆ ಅಕ್ಕಪಕ್ಕದ ಹಲ್ಲುಗಳಿಗೆ ಕ್ಯಾಪ್ ಹಾಕಿ, ಅವುಗಳ ಆಧಾರದ ಮೇಲೆ ನಡುವೆ ಕೂರಿಸುವ ಕಟ್ಟುಹಲ್ಲು. ಇದಕ್ಕೆ ಸೈನಸ್ಸಿನ ಗೊಡವೆಯೇ ಇಲ್ಲ. ಆದರೆ ಅಕ್ಕಪಕ್ಕದ ಹಲ್ಲುಗಳನ್ನು ತೇಯಬೇಕು. ಅವು ಕಡಕ್ ರೊಟ್ಟಿ ಮುರಿಯುವಷ್ಟು ಗಟ್ಟಿಯಾಗಿದ್ದರೆ ನನಗೆ ಇದು ಒಪ್ಪಿಗೆಯಿಲ್ಲ. ಈಗಾಗಲೇ ಕ್ಯಾಪ್ ಬೇಕಾದ ಹಲ್ಲುಗಳಾದರೆ ಬ್ರಿಡ್ಜೇ ಜಾಣತನ.

ಬೀಡಿ, ಸಿಗರೇಟು ಬಿಡದವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಇಂಪ್ಲಾಂಟ್ ಸಡಿಲಾಗುವ ಅಪಾಯ ಹೆಚ್ಚು. ಮುಂಗಡ ಕೊಡುವ ಮೊದಲು ಸಿಬಿಸಿಟಿ ಸ್ಕ್ಯಾನ್ (ದವಡೆಯ ಮೂರು ಆಯಾಮದ ಎಕ್ಸ್-ರೇ) ಮಾಡಿಸಿ, ಮೂಳೆ ಎಷ್ಟು ಮಿ.ಮೀ. ಇದೆ ಎಂದು ವೈದ್ಯರಿಂದ ಬರೆಸಿಕೊಳ್ಳಿ.