ಒಂದೇ ಸ್ಟುಡಿಯೋ, ಎರಡು ರೇಟಿಂಗ್: ಜೋಡಿ ಜೋಡಿಯಾಗಿ ಆಡಿ ನೋಡಿದ ಗೇಮ್‌ಗಳು

ಗೇಮ್ ಡಬ್ಬಿಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ, ನೋಡಿರುತ್ತೀರಿ. ಆ ಗೇಮ್ ಯಾವ ವಯಸ್ಸಿನವರಿಗೆ ಅಂತ ಹೇಳುವ ರೇಟಿಂಗ್ ಅದು. ಅಮೆರಿಕದ ರೇಟಿಂಗ್ ಸಂಸ್ಥೆ ಇಎಸ್‌ಆರ್‌ಬಿ ಆದರೆ ಇ, ಟಿ, ಎಂ ಅಂತ ಅಕ್ಷರ. ಯೂರೋಪಿನ ಪೆಗಿ ಆದರೆ 3, 7, 12, 16, 18 ಅಂತ ಅಂಕಿ. ಇ ಅಂದರೆ ಎಲ್ಲರಿಗೂ, ಟಿ ಅಂದರೆ 13 ತುಂಬಿದವರಿಗೆ, ಎಂ ಅಂದರೆ 17 ತುಂಬಿದವರಿಗೆ. ನಮ್ಮಲ್ಲಿ ಸಿನಿಮಾ ನೋಡಿ ಸರ್ಟಿಫಿಕೇಟ್ ಕೊಡುವ ಮಂಡಳಿ ಇದೆ, ಗೇಮ್‌ಗೆ ಅಂಥದ್ದಿಲ್ಲ. ಹಾಗಾಗಿ ನಾವೂ ಈ ಹೊರಗಿನವರ ಚೌಕ ನೋಡಿಯೇ ಮಕ್ಕಳಿಗೆ ಗೇಮ್ ಕೊಡಿಸುತ್ತೇವೆ.

ರೇಟಿಂಗ್ ಬದಲಾದರೆ ಆಟದಲ್ಲಿ ನಿಜಕ್ಕೂ ಬದಲಾಗುವುದು ಏನು? ಬರೀ ರಕ್ತವೋ, ಆಟದ ಸ್ವಭಾವವೋ? ಇದು ಬಹಳ ದಿನದಿಂದ ತಲೆಯಲ್ಲಿತ್ತು. ಹೆಚ್ಚುಕಮ್ಮಿ ಒಂದೇ ಜಾತಿಯ, ಆದರೆ ಬೇರೆ ಬೇರೆ ರೇಟಿಂಗ್ ಇರುವ ಗೇಮ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಆಡಿದೆ.

ಅನ್‌ಚಾರ್ಟೆಡ್ 4 ಮತ್ತು ದ ಲಾಸ್ಟ್ ಆಫ್ ಅಸ್

ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಎರಡೂ ನಾಟಿ ಡಾಗ್ ಸ್ಟುಡಿಯೋದವು. ಎರಡನ್ನೂ ನಿರ್ದೇಶಿಸಿದವರು ಬ್ರೂಸ್ ಸ್ಟ್ರೇಲಿ ಮತ್ತು ನೀಲ್ ಡ್ರಕ್‌ಮನ್. ಲಾಸ್ಟ್ ಆಫ್ ಅಸ್ 2013ರದ್ದು, ಇಎಸ್‌ಆರ್‌ಬಿ ಎಂ, ಪೆಗಿ 18. ಅನ್‌ಚಾರ್ಟೆಡ್ 4 ಬಂದದ್ದು 2016ರಲ್ಲಿ, ಟಿ ಮತ್ತು ಪೆಗಿ 16. ಎರಡರಲ್ಲೂ ಗೋಡೆಯ ಹಿಂದೆ ಅಡಗಿ ಗುಂಡು ಹಾರಿಸಬೇಕು, ಹಿಂದಿನಿಂದ ಹೋಗಿ ಕತ್ತು ಹಿಡಿಯಬೇಕು. ಕೈಗೆ ಬರುವ ಕೆಲಸ ಒಂದೇ.

ಆದರೆ ಅನ್‌ಚಾರ್ಟೆಡ್‌ನಲ್ಲಿ ಮಡಗಾಸ್ಕರ್‌ನ ಚೇಸ್ ನೋಡಿ. ಕಥಾನಾಯಕ ನೇಟ್ ಹಗ್ಗ ಹಿಡಿದು ಜೋತಾಡುತ್ತಾನೆ, ಲಾರಿಯ ಹಿಂದೆ ಕೆಸರಲ್ಲಿ ಎಳೆಸಿಕೊಂಡು ಹೋಗುತ್ತಾನೆ, ಹಾಗೇ ಹೋಗುತ್ತಾ ಗುಂಡು ಹೊಡೆಯುತ್ತಾನೆ. ವೈರಿಗಳು ಒಬ್ಬೊಬ್ಬರಾಗಿ ಉರುಳುತ್ತಾರೆ. ರಕ್ತ ಕಂಡರೂ ಚೂರುಪಾರು. ಸತ್ತವರ ಕಡೆ ಯಾರೂ ತಿರುಗಿ ನೋಡುವುದಿಲ್ಲ, ನೇಟ್ ಒಂದು ತಮಾಷೆಯ ಮಾತು ಹೇಳಿ ಮುಂದೆ ಓಡುತ್ತಾನೆ. ಮದ್ದುಗುಂಡು ಹೆಜ್ಜೆ ಹೆಜ್ಜೆಗೂ ಬಿದ್ದಿರುತ್ತದೆ. 1000 ಜನರನ್ನು ಕೊಂದರೆ ಟ್ರೋಫಿ ಬೇರೆ ಸಿಗುತ್ತದೆ. ಇಷ್ಟು ಜನ ಸಾಯುವ ಆಟಕ್ಕೆ ಟಿ.

ಈಗ ಲಾಸ್ಟ್ ಆಫ್ ಅಸ್‌ಗೆ ಬನ್ನಿ. ಇಲ್ಲಿ ಸಾಯುವವರು ಅದಕ್ಕಿಂತ ಕಡಿಮೆ. ಒಂದೊಂದು ಗುಂಡಿಗೂ ಲೆಕ್ಕ ಇಡಬೇಕು. ಒಂದು ಚಿಕ್ಕ ವಿಷಯ ನನಗೆ ಬಹಳ ಹಿಡಿಸಿತು. ಚೀಲದಲ್ಲಿ ಒಂದು ಬಾಟಲಿ ಆಲ್ಕೋಹಾಲ್, ಒಂದು ಚಿಂದಿ ಬಟ್ಟೆ ಇದೆ ಅಂದುಕೊಳ್ಳಿ. ಅವೆರಡನ್ನು ಸೇರಿಸಿ ಗಾಯಕ್ಕೆ ಪಟ್ಟಿ ಮಾಡಿಕೊಳ್ಳಬಹುದು. ಅವೇ ಎರಡರಿಂದ ಎದುರಿನವನನ್ನು ಸುಡುವ ಬೆಂಕಿ ಬಾಟಲಿಯನ್ನೂ ಮಾಡಬಹುದು. ಮಾಡಿಕೊಳ್ಳಲು ಕೂತಾಗ ಆಟ ನಿಲ್ಲುವುದಿಲ್ಲ, ಹೊರಗೆ ಹೆಜ್ಜೆ ಸಪ್ಪಳ ಹತ್ತಿರ ಬರುತ್ತಲೇ ಇರುತ್ತದೆ. ಬದುಕಿಕೊಳ್ಳೋಣವೋ, ಸುಡೋಣವೋ? ಪರದೆ ಮೇಲೆ ಒಂದು ಹನಿ ರಕ್ತ ಇಲ್ಲದಿದ್ದರೂ ಆ ಹೊತ್ತು ಎದೆ ಹೊಡೆದುಕೊಳ್ಳುತ್ತದೆ.

ಪಿಟ್ಸ್‌ಬರ್ಗ್‌ನ ಹೋಟೆಲ್ ಭಾಗ ಇನ್ನೂ ಮುಖ್ಯ. ನಾವು ಆಡಿಸುವ ಪಾತ್ರ ಜೋಯಲ್‌ನನ್ನು ವೈರಿಯೊಬ್ಬ ನೀರಲ್ಲಿ ಮುಳುಗಿಸಿ ಕೊಲ್ಲುತ್ತಿರುತ್ತಾನೆ. ಜೋಯಲ್ ಜೊತೆಗಿರುವ 14 ವರ್ಷದ ಎಲಿ ಪಿಸ್ತೂಲು ಎತ್ತಿಕೊಂಡು ಅವನನ್ನು ಹೊಡೆಯುತ್ತಾಳೆ. ಆಮೇಲೆ ಕುಸಿದು ಕೂರುತ್ತಾಳೆ, ಹೊಟ್ಟೆ ತೊಳಸಿದಂತಾಗುತ್ತಿದೆ ಅನ್ನುತ್ತಾಳೆ. ಜೋಯಲ್ ಥ್ಯಾಂಕ್ಸ್ ಹೇಳುವುದಿಲ್ಲ, ಬೈಯುತ್ತಾನೆ. ಒಬ್ಬನ ಸಾವಿಗೆ ಈ ಗೇಮ್ ಇಷ್ಟು ಹೊತ್ತು ಕೊಡುತ್ತದೆ. ಆ ಹೊತ್ತನ್ನು ಅನ್‌ಚಾರ್ಟೆಡ್ ತನ್ನ ಸಾವಿರ ಜನರಿಗೂ ಸೇರಿಸಿ ಕೊಡುವುದಿಲ್ಲ.

ನನ್ನ ಅಕ್ಕನ ಮಗ ಎರಡನ್ನೂ ಪಕ್ಕದಲ್ಲಿ ಕೂತು ಸ್ವಲ್ಪ ಸ್ವಲ್ಪ ನೋಡಿದ್ದಾನೆ. ಅವನು ಕೇಳಿದ್ದು ಇದು: "ಮಾಮ, ಅದ್ರಲ್ಲಿ ಜಾಸ್ತಿ ಜನ ಸಾಯ್ತಾರೆ ಅಲ್ವಾ? ಮತ್ತೆ ಇದ್ಯಾಕೆ ದೊಡ್ಡೋರ್ ಗೇಮ್?" ಹದಿನಾಲ್ಕರ ಹುಡುಗ ಕೇಳಿದ ಈ ಪ್ರಶ್ನೆಗೆ ಆ ಚೌಕದಲ್ಲಿ ಉತ್ತರ ಇಲ್ಲ.

ಉತ್ತರ ರೇಟಿಂಗ್ ಕೊಡುವ ರೀತಿಯಲ್ಲಿದೆ. ಡಿಸ್ಕ್‌ನಲ್ಲಿ ಬರುವ ಗೇಮ್ ಆದರೆ ಕಂಪನಿಯವರು ಇಎಸ್‌ಆರ್‌ಬಿಗೆ ಒಂದು ಪ್ರಶ್ನಾವಳಿ ತುಂಬಿ ಕೊಡುತ್ತಾರೆ. ಜೊತೆಗೆ ಆಟದಲ್ಲಿ ಅತಿ ಅನ್ನಿಸುವ ದೃಶ್ಯಗಳ ವಿಡಿಯೋ ಕೊಡುತ್ತಾರೆ. ರೇಟಿಂಗ್ ಕೊಡುವವರು ಅದನ್ನು ನೋಡಿ ನಿರ್ಧರಿಸುತ್ತಾರೆ, ಗೇಮನ್ನು ಮೊದಲಿಂದ ಕೊನೆವರೆಗೆ ಆಡುವುದಿಲ್ಲ. ವಿಡಿಯೋದಲ್ಲಿ ರಕ್ತ ಕಾಣುತ್ತದೆ, ತುಂಡಾದ ಕೈಕಾಲು ಕಾಣುತ್ತದೆ, ಬೈಗುಳ ಕೇಳುತ್ತದೆ. ಗಂಟೆಗಟ್ಟಲೆ ಆಡಿದ ಮೇಲೆ ಮನಸ್ಸಿಗೆ ಏರುವ ಭಾರ ಅದರಲ್ಲಿ ಕಾಣುವುದಿಲ್ಲ. ಕೊಲ್ಲುವುದು ಸಲೀಸಾಗಿ ಹೋಯಿತೋ ಇಲ್ಲವೋ ಅನ್ನುವುದೂ ಕಾಣುವುದಿಲ್ಲ. ಲಾಸ್ಟ್ ಆಫ್ ಅಸ್‌ಗೆ ಎಂ ಕೊಟ್ಟದ್ದು ಸರಿಯೇ. ಅದರಲ್ಲಿ ತಲೆ ಒಡೆಯುವ, ಕತ್ತು ಕಚ್ಚುವ ದೃಶ್ಯಗಳಿವೆ, ಮಕ್ಕಳಿಗಲ್ಲ. ನನ್ನ ತಕರಾರು ಟಿ ಕಡೆಗೆ. ರಕ್ತ ಒರೆಸಿಬಿಟ್ಟರೆ ಸಾವಿರ ಕೊಲೆಯೂ ಹದಿಮೂರರವರಿಗೆ ಸರಿಹೋಗುತ್ತದೆ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ.

ಮಾರ್ಟಲ್ ಕಾಂಬ್ಯಾಟ್, ಎರಡು ಮಷೀನ್‌ಗಳಲ್ಲಿ

ಈ ಲೆಕ್ಕ ಶುರುವಾದದ್ದು ಎಲ್ಲಿಂದ ಅಂತ ನೋಡಬೇಕಾದರೆ ಇಬ್ಬರು ಹೊಡೆದಾಡುವ ಗೇಮ್ ಆದ 1993ರ ಮಾರ್ಟಲ್ ಕಾಂಬ್ಯಾಟ್ ಆಡಬೇಕು, ಅದೂ ಎರಡು ರೂಪದಲ್ಲಿ. ಸೂಪರ್ ನಿಂಟೆಂಡೋ ಮಷೀನ್‌ನಲ್ಲಿ ನಿಂಟೆಂಡೋ ಕಂಪನಿ ರಕ್ತಕ್ಕೆ ಒಪ್ಪಲಿಲ್ಲ. ಹಾಗಾಗಿ ಪೆಟ್ಟು ಬಿದ್ದಾಗ ಬೂದು ಬಣ್ಣದ ಬೆವರು ಚಿಮ್ಮುತ್ತದೆ. ಸೆಗಾ ಜೆನೆಸಿಸ್‌ನಲ್ಲೂ ಮೊದಲಿಗೆ ರಕ್ತ ಇಲ್ಲ. ಆದರೆ ಎ, ಬಿ, ಎ, ಸಿ, ಎ, ಬಿ, ಬಿ ಅಂತ ಬಟನ್ ಒತ್ತಿದರೆ ಕೆಂಪು ರಕ್ತ ಬರುತ್ತದೆ. ಹೊಡೆತ, ಒದೆತ, ಪಾತ್ರಗಳು ಎಲ್ಲ ಎರಡರಲ್ಲೂ ಅವೇ.

ಎರಡನ್ನೂ ಆಡಿದಾಗ ನಿಂಟೆಂಡೋದಲ್ಲಿ ಚಿತ್ರ ಚೆನ್ನಾಗಿದೆ, ಶಬ್ದವೂ ಚೆನ್ನಾಗಿದೆ. ಆದರೆ ಆಟಕ್ಕೇ ಜೀವ ಇಲ್ಲ. ಅಷ್ಟು ಜೋರಾಗಿ ಹೊಡೆದವನ ಮುಖದಿಂದ ಬೆವರು ಹಾರಿದರೆ ಆ ಹೊಡೆತವೇ ಸುಳ್ಳು ಅನ್ನಿಸುತ್ತದೆ. ಒಂದು ಕಡೆ ಮಾತ್ರ ಕತ್ತರಿ ಹಾಕಿದ್ದೇ ಒಳ್ಳೆಯದಾಯಿತು. ಸಬ್-ಝೀರೋ ಸೆಗಾದಲ್ಲಿ ಸೋತವನ ತಲೆಯನ್ನು ಬೆನ್ನುಮೂಳೆ ಸಮೇತ ಕಿತ್ತೆತ್ತುತ್ತಾನೆ. ನಿಂಟೆಂಡೋದಲ್ಲಿ ಅವನನ್ನು ಮಂಜುಗಡ್ಡೆ ಮಾಡಿ ಒಡೆದು ಚೂರು ಮಾಡುತ್ತಾನೆ. ಮಂಜಿನ ಶಕ್ತಿ ಇರುವ ಪಾತ್ರಕ್ಕೆ ಎರಡನೆಯದೇ ಹೊಂದುತ್ತದೆ. ಒಟ್ಟಾರೆ ನನ್ನ ಓಟು ಸೆಗಾಕ್ಕೇ.

ಅಮೆರಿಕದ ಸೆನೆಟ್‌ನಲ್ಲಿ 1993ರ ಡಿಸೆಂಬರ್‌ನಲ್ಲಿ ಗೇಮ್‌ಗಳ ಹಿಂಸೆ ಬಗ್ಗೆ ವಿಚಾರಣೆ ನಡೆಯಲು ಈ ಗೇಮ್ ಒಂದು ಮುಖ್ಯ ಕಾರಣ. ಮುಂದಿನ ವರ್ಷ ಇಎಸ್‌ಆರ್‌ಬಿ ಹುಟ್ಟಿತು. ಅದೇ ವರ್ಷ ಸೂಪರ್ ನಿಂಟೆಂಡೋಗೆ ಬಂದ ಎರಡನೇ ಭಾಗದಲ್ಲಿ ರಕ್ತ ಹಾಗೇ ಇತ್ತು.

ಆರ್ಕಮ್ ಸಿಟಿ ಮತ್ತು ಆರ್ಕಮ್ ನೈಟ್

ರಾಕ್‌ಸ್ಟೆಡಿಯ ಬ್ಯಾಟ್‌ಮ್ಯಾನ್ ಗೇಮ್‌ಗಳು. ಸಿಟಿ 2011ರದ್ದು, ಟಿ. ನೈಟ್ 2015ರದ್ದು, ಎಂ. ಎರಡರಲ್ಲೂ ಬ್ಯಾಟ್‌ಮ್ಯಾನ್ ಯಾರನ್ನೂ ಕೊಲ್ಲುವುದಿಲ್ಲ. ನೈಟ್‌ನಲ್ಲಿ ಅವನ ಕಾರೇ ಒಂದು ಟ್ಯಾಂಕ್, ಆದರೂ ಅದು ಉಡಾಯಿಸುವ ಟ್ಯಾಂಕ್‌ಗಳಲ್ಲಿ ಮನುಷ್ಯರಿರುವುದಿಲ್ಲ, ಅವು ಡ್ರೋನ್‌ಗಳು.

ಹಾಗಾದರೆ ಎಂ ಬಂದ ಮೇಲೆ ಹೆಚ್ಚಾದದ್ದು ಏನು? ಭಯ. ಆಟದ ಶುರುವಿನಲ್ಲೇ ಊಟದ ಹೋಟೆಲ್ ಒಂದು ಬರುತ್ತದೆ. ಒಬ್ಬ ಪೊಲೀಸಿನವನ ಕಣ್ಣಿಂದ ನಾವು ನೋಡುತ್ತಿರುತ್ತೇವೆ. ವಿಷದ ಗಾಳಿ ಹರಡುತ್ತದೆ, ಎದುರಿಗೆ ಕೂತು ತಿನ್ನುತ್ತಿದ್ದವರೆಲ್ಲ ದೆವ್ವಗಳ ಹಾಗೆ ಕಾಣತೊಡಗುತ್ತಾರೆ. ನಾವು ಪಿಸ್ತೂಲು ಎತ್ತುತ್ತೇವೆ. ಮುಂದೆ ಬ್ಯಾಟ್‌ಮ್ಯಾನ್‌ಗೆ ಬಹಳ ಹತ್ತಿರದವರ ಸಾವಿನ ಭ್ರಮೆಯೂ ಬರುತ್ತದೆ. ಅದನ್ನು ನೋಡುವುದು ದೊಡ್ಡವರಿಗೂ ಕಷ್ಟ.

ಆದರೂ ನನಗೆ ಸಿಟಿಯೇ ಮೇಲು. ಅದರಲ್ಲಿ ಝಾಸ್ ಅನ್ನುವ ಕೊಲೆಗಾರನ ಕಥೆ ಇದೆ. ಊರಲ್ಲಿ ಎಲ್ಲೋ ಒಂದು ಫೋನ್ ಬೂತ್ ರಿಂಗ್ ಆಗುತ್ತದೆ. ಹೊತ್ತು ಮೀರುವ ಮುಂಚೆ ಇನ್ನೊಂದು ಬೂತಿಗೆ ಓಡಬೇಕು, ತಪ್ಪಿದರೆ ಒಂದು ಜೀವ ಹೋಗುತ್ತದೆ. ಫೋನ್ ಎತ್ತಿದರೆ ಅವನು ತಣ್ಣಗೆ ತನ್ನ ಕಥೆ ಹೇಳುತ್ತಾನೆ, ಮೊದಲು ಕೊಂದದ್ದು ಹೇಗೆ ಅಂತ. ಕೊಲೆ ತೋರಿಸುವುದಿಲ್ಲ, ಬರೀ ದನಿ. ಮೈ ಜುಮ್ಮೆನ್ನುತ್ತದೆ. ಟಿ ಗೆರೆಯೊಳಗೇ ಇದ್ದು ಹೀಗೂ ಹೆದರಿಸಬಹುದು. ಹಿಂಸೆ ಕಾಣದಿದ್ದರೂ ಅದರ ಭಾರ ನಮಗೆ ತಟ್ಟುತ್ತದೆ. ಅನ್‌ಚಾರ್ಟೆಡ್‌ನಲ್ಲಿ ನನಗೆ ಸಿಗದೇ ಹೋದದ್ದು ಇದೇ.

ಹಸಿರು ರಕ್ತ

ನಮ್ಮೂರ ಹುಡುಗರ ಗೇಮ್ ಬಿಟ್ಟರೆ ಹೋಲಿಕೆ ಪೂರ್ತಿಯಾಗುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಬ್ಯಾನ್ ಆಯಿತು. ಮುಂದಿನ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಅದರದೇ ಭಾರತದ ರೂಪ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ತಂದಿತು. ಬಂದಾಗ ರಕ್ತ ಹಸಿರಾಗಿತ್ತು. ಇದು ನಿಜವಾದ ಪ್ರಪಂಚ ಅಲ್ಲ ಅಂತ ಒಂದು ದನಿ ನೆನಪಿಸುತ್ತಿತ್ತು. 18 ತುಂಬದವರಿಗೆ ದಿನಕ್ಕೆ 3 ಗಂಟೆ ಮಿತಿ ಹಾಕಿದರು.

ಪಬ್‌ಜಿ ಆಡಿದ್ದವರಿಗೆ ವ್ಯತ್ಯಾಸ ಗೊತ್ತಾಗಿದ್ದು ಬಣ್ಣದಲ್ಲಿ ಮಾತ್ರ. ಹುಲ್ಲಲ್ಲಿ ಮಲಗಿರುವಾಗ ಇಯರ್‌ಫೋನ್‌ನಲ್ಲಿ ಬಲಗಡೆಯಿಂದ ಹೆಜ್ಜೆ ಸಪ್ಪಳ ಬಂದರೆ ಕೈ ನಡುಗುವುದು ಆಗಲೂ ಇತ್ತು, ಈಗಲೂ ಇದೆ. ಎದುರಾಳಿಯ ಮೈಯಿಂದ ಹಸಿರು ಚಿಮ್ಮಿತೋ ಕೆಂಪು ಚಿಮ್ಮಿತೋ ಅಂತ ಆ ಹೊತ್ತಿಗೆ ಯಾರು ನೋಡುತ್ತಾರೆ? ಈ ಮೂರರಲ್ಲಿ ನನಗೆ ಕೆಲಸದ್ದು ಅನ್ನಿಸಿದ್ದು 3 ಗಂಟೆಯ ಮಿತಿ ಒಂದೇ. ರಾತ್ರಿ ಎರಡು ಗಂಟೆಗೆ ಹುಡುಗ ಫೋನ್ ಹಿಡಿದು ಕೂತಿದ್ದಾನೆ ಅಂತ ದೂರುವ ತಾಯಿಗೆ ರಕ್ತದ ಬಣ್ಣದಿಂದ ಏನೂ ಸಿಗುವುದಿಲ್ಲ. ಆದರೆ ಆ ಮಿತಿ ಸಿಗಬೇಕಾದರೆ ಹುಡುಗ ತನ್ನ ವಯಸ್ಸನ್ನು ನಿಜ ಹೇಳಬೇಕು.

ಅಕ್ಕನ ಮಗನ ವಿಷಯದಲ್ಲಿ ನಾನು ಮಾಡಿದ್ದು ಇಷ್ಟು. ಆರ್ಕಮ್ ಸಿಟಿ ಅವನಿಗೇ ಬಿಟ್ಟೆ. ಅನ್‌ಚಾರ್ಟೆಡ್ 4 ಕೊಟ್ಟೆ, ಆದರೆ ಜೊತೆಗೆ ಕೂತು ಆಡಿದೆ, ನೇಟ್ ಕೊಂದು ನಗುವ ಕಡೆಗಳಲ್ಲಿ ನಿಲ್ಲಿಸಿ ಮಾತಾಡಿದೆ. ಆರ್ಕಮ್ ನೈಟ್ ಇನ್ನೂ ಎರಡು ವರ್ಷ ಬೇಡ ಅಂದಿದ್ದೇನೆ. ಲಾಸ್ಟ್ ಆಫ್ ಅಸ್‌ಗೆ 17 ತುಂಬಲಿ. ಆಗಲೂ ಅವನು ಒಬ್ಬನೇ ಆಡುವುದು ಬೇಡ, ಎಲಿಯ ಆ ಹೋಟೆಲ್ ಭಾಗ ಬಂದಾಗ ನಾನು ಪಕ್ಕದಲ್ಲಿರಬೇಕು.